ಗೂಡಿಗೆ ಕಟ್ಟಿದ ಹಗ್ಗ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ತಂಗಿಗೆ ಅಕ್ಕನ ಪ್ರೀತಿ, ಜೊತೆಗೆ ಒಂದಿಷ್ಟು ಸಿಟ್ಟು.

ಕೋಳಿಗೂಡಿಗೆ ಹೇನು, ಇರುವೆ ಹತ್ತಿವೆ, ನಾಲ್ಕು ದಿನ ಅಮ್ಮನನ್ನು ಕಳಿಸಿಕೊಡು ಅಕ್ಕಾ ಎಂದು ಕರೆದುಕೊಂಡು ಹೋದೆ. ಆಗ ಮೊಳಕೆಯಾಗಿದ್ದ ನಮ್ಮ ಹುರುಳಿಕಾಯಿ ಬಳ್ಳಿ ಈಗ ಚಪ್ಪರ ಹತ್ತಿದೆ, ಅಮ್ಮ ಇನ್ನೂ ನಿನ್ನ ಮನೆಯಲ್ಲೇ. ನಮ್ಮಿಬ್ಬರ ಮನೆಗೂ ಬರುವ ಮೊಟ್ಟೆ ವ್ಯಾಪಾರಿಯನ್ನು ವಿಚಾರಿಸಿದೆ. ನಿಮ್ಮ ತಾಯಿ ಅಲ್ಲಿ ಕೋಳಿಗಳ ಜೊತೆ ಮಾತಾಡ್ಕೊಂಡು ನಗ್ತಾ ಇರ್ತಾರೆ, ಒಂದು ಸುತ್ತು ದಪ್ಪ ಆಗಿದ್ದಾರೆ ಎಂದ. ಅವತ್ತು ಅವನಿಗೆ ಟೀ ಕೊಡಲಿಲ್ಲ.

ನಿನಗೆ ಅಮ್ಮ ಬೇಕಾಗಿರುವುದು ಹೇನಿಗೆ ತಾನೆ? ಅದನ್ನು ನಾನೇ ಹೇಳಿಕೊಡುತ್ತೇನೆ. ಗೂಡಿನ ಹಳೇ ಹುಲ್ಲನ್ನೆಲ್ಲ ತೆಗೆದು ಸುಡು. ಕೋಳಿಗಳು ಕೂರುವ ಕೋಲಿಗೆ, ಹಲಗೆಯ ಸಂದಿಗೆ ಸುಣ್ಣ ಬಳಿ. ಹಳೆಯದೊಂದು ಟಬ್ಬಿನಲ್ಲಿ ಒಣ ಮಣ್ಣು, ಜರಡಿ ಹಿಡಿದ ಸೌದೆ ಬೂದಿ ಬೆರೆಸಿಡು. ಕೋಳಿಗಳೇ ಅದರಲ್ಲಿ ಹೊರಳಾಡಿ ಮೈ ಕೊಡವಿಕೊಳ್ಳುತ್ತವೆ. ಒಂದು ಸಲ ಮಾಡಿ ಗೆದ್ದೆ ಎಂದು ಕುಣಿಯಬೇಡ. ಪುಕ್ಕದ ಬುಡಕ್ಕೆ ಅಂಟಿರುವ ಸೀರು ಒಡೆದು ಮತ್ತೆ ಹೇನಾಗುತ್ತದೆ, ವಾರ ಬಿಟ್ಟು ಇನ್ನೊಮ್ಮೆ ಮಾಡು.

ಇರುವೆಗೆಂದು ಗೂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟಿದ್ದೀಯಂತೆ, ಆದರೂ ಬರುತ್ತವಂತೆ. ಬರದೆ ಏನು ಮಾಡುತ್ತವೆ? ಬಟ್ಟೆ ಒಣಹಾಕುವ ಹಗ್ಗದ ತುದಿಯನ್ನು ಗೂಡಿಗೇ ಕಟ್ಟಿದ್ದೀಯೆಂದು ವ್ಯಾಪಾರಿ ಹೇಳಿದ. ಅವು ಅದರ ಮೇಲೆ ಮೆರವಣಿಗೆ ಬರುತ್ತಿವೆ. ಹಗ್ಗ ಬಿಚ್ಚು, ಮುಗಿಯಿತು.

ನನ್ನ ನಿದ್ದೆ ಕೆಟ್ಟಿದ್ದು ಇಲ್ಲೇ ನೋಡು. ನಿನಗೆ ಹೊಳೆಯಲಿಲ್ಲ, ಸರಿ. ಆದರೆ ಕೋಳಿಯ ರೆಕ್ಕೆ ಎತ್ತಿ ತಾನೇ ನೋಡುವ ತನಕ ಯಾರ ಮಾತನ್ನೂ ನಂಬದ ಅಮ್ಮನ ಕಣ್ಣಿಗೆ ಅಷ್ಟು ದಪ್ಪ ಹಗ್ಗ ಬೀಳಲಿಲ್ಲವೆ? ದಿನಾ ಬಟ್ಟೆ ಒಣಹಾಕುವವಳು ಅವಳೇ ಅಂತೆ. ಬಿದ್ದಿದೆ ಕಣೇ. ಇರುವೆ ಇರುವಷ್ಟು ದಿನ ತಾನೂ ಅಲ್ಲಿರಬಹುದೆಂದು ಬಾಯಿ ಮುಚ್ಚಿಕೊಂಡಿದ್ದಾಳೆ.

ಹೌದು, ನನಗೆ ಹೊಟ್ಟೆಕಿಚ್ಚು. ಚಿಕ್ಕಂದಿನಲ್ಲೂ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಹೇನು ತೆಗೆಯುತ್ತಿದ್ದಳು. ನೀನು ದೊಡ್ಡವಳು, ನೀನೇ ಬಾಚ್ಕೋ ಎಂದು ನನ್ನ ಕೈಗೆ ಹಣಿಗೆ ಕೊಡುತ್ತಿದ್ದಳು. ಬಾಚಿಕೊಂಡೆ. ಇವತ್ತಿಗೂ ನನ್ನ ತಲೆ ಚೊಕ್ಕಟ, ಮನೆ ಚೊಕ್ಕಟ, ಕೋಳಿಗೂಡೂ ಚೊಕ್ಕಟ. ಅದರಿಂದ ಏನು ಸಿಕ್ಕಿತು ಹೇಳು? ಅಮ್ಮ ಏನಾದರೂ ಮಾಡಲು ಎದ್ದರೆ, ನೀನು ಕೂತ್ಕೋ ಅಮ್ಮ, ನಾನು ಮಾಡ್ತೀನಿ ಎನ್ನುತ್ತಿದ್ದೆ. ಅವಳು ಪಾಪ ಕಿಟಕಿ ಪಕ್ಕ ಕೂತು ಬೀದಿ ನೋಡುತ್ತಿದ್ದಳು. ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ.

ಸಾಕು, ಅವಳನ್ನು ಕಳಿಸು. ಆ ಕಿಟಕಿ ನೋಡಿದರೆ ನನಗೆ ಅಳು ಬರುತ್ತದೆ.

ಇಂತಿ,
ನೀನು ಹುಟ್ಟುವವರೆಗೆ ಒಬ್ಬಳೇ ಮಗಳಾಗಿದ್ದ
ನಿನ್ನ ಅಕ್ಕ

ತಾ.ಕ.: ಬೂದಿ ಹಾಕುವ ಮೊದಲು, ತೀರಾ ಹೇನು ಹಿಡಿದಿರುವ ಒಂದು ಕೋಳಿಯನ್ನು ವ್ಯಾಪಾರಿಯ ಬುಟ್ಟಿಯಲ್ಲಿಟ್ಟು ನನಗೆ ಕಳಿಸು. ಅಮ್ಮನಿಗೆ ಗೊತ್ತಾಗಬಾರದು. ಅಕ್ಕನ ಗೂಡಿಗೂ ಹೇನು ಹತ್ತಿದೆ ಎಂದು ಮಾತ್ರ ಹೇಳು. ಬಂದವಳೇ ರೆಕ್ಕೆ ಎತ್ತಿ ನೋಡುತ್ತಾಳೆ, ಅದಕ್ಕೆ ಒಂದಾದರೂ ಬೇಕು. ಇರುವೆಯ ಚಿಂತೆ ನಿನಗೆ ಬೇಡ. ನಿನ್ನೆಯೇ ನಮ್ಮ ಗೂಡಿಗೂ ಬಟ್ಟೆ ಹಗ್ಗ ಕಟ್ಟಿದ್ದೇನೆ.