ಕಚ್ಚಿಟ್ಟ ಪಾಲು

ಸೆಪ್ಟೆಂಬರ್ 22, ಸೋಮವಾರ. ಮಧ್ಯಾಹ್ನ

ಸೇಬಿನ ಟಾರ್ಟ್ ಇವತ್ತೂ ಗಟ್ಟಿ. ನಿನ್ನೆಯದು ಕರಕಲಾಗಿತ್ತು, ಇವತ್ತಿನದು ಕರಕಲಾಗಿಲ್ಲ. ಅಷ್ಟೇ ಪ್ರಗತಿ. ಚಾಕು ಇಳಿಯಲಿಲ್ಲ.

ಓವನ್ ಹಚ್ಚುವಾಗ ಇವತ್ತೂ ಎರಡು ಕಡ್ಡಿ ದಂಡವಾದವು. ಗ್ಯಾಸ್ ತಿರುಗಿಸಿ, ಬಗ್ಗಿ, ಒಳಗೆ ಕಡ್ಡಿ ಹಿಡಿಯಬೇಕು. ಭುಸ್ ಎನ್ನುತ್ತದೆ. ಹಿಮ ಬಿದ್ದ ಇಳಿಜಾರಿನಲ್ಲಿ ತುಂಬಿದ ಟ್ರಾಲಿಬಸ್ ಇಳಿಸಿದವನು ನಾನು. ಒಂದು ಬೆಂಕಿಕಡ್ಡಿಗೆ ಹೆದರುತ್ತೇನೆ. ಯಾರಿಗೂ ಹೇಳುವಂತಿಲ್ಲ. ಡ್ಯೂಟಿ ಮುಗಿದ ಮೇಲೆ ದಿನವೂ ವರದಿ ಬರೆದು ಬರೆದು ಚಟವಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತೇನೆ.

ಹೆಂಡತಿ ರಾಬಿಗಾ ನಡುಮನೆಯ ಸೋಫಾದಲ್ಲಿ. ಏಳಬಾರದು ಎಂದಿದ್ದಾರೆ ಡಾಕ್ಟರು. ಅಲ್ಲಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ, ಗ್ರಹಚಾರ.

"ಯಜಮಾನ್ರೇ, ಹಿಟ್ಟಿನ ಮೇಲೆ ಯಾಕಿಷ್ಟು ಸಿಟ್ಟು? ಏನ್ಮಾಡ್ತು ಪಾಪ ಅದು ನಿಮ್ಗೆ?"

ಕೊನೆಗೆ ಪಕ್ಕದ ಮನೆಯ ಎರ್ನಾಮ್ಮನನ್ನು ಕರೆದೆ. ಜರ್ಮನ್ ಮುದುಕಿ. ಅವರ ಜನವೆಲ್ಲ ಊರು ಬಿಟ್ಟು ಜರ್ಮನಿಗೆ ಹೋದರೂ ತನ್ನ ಸೇಬಿನ ಮರ ಬಿಟ್ಟು ಬರಲ್ಲ ಎಂದು ಕೂತವಳು. ಬೆರಳು ಸೊಟ್ಟಗಾಗಿವೆ, ಈಗ ಅವಳಿಗೇ ಟಾರ್ಟ್ ಮಾಡಲಾಗುವುದಿಲ್ಲ. ನನ್ನ ಟಾರ್ಟ್ ಎತ್ತಿ ಮೇಜಿಗೆ ಕುಟ್ಟಿ ನೋಡಿದಳು.

"ಸಾಪರ್, ಇದನ್ನ ಎಸೀಬೇಡ. ಕಾಂಪೌಂಡ್ ಗೋಡೇಲಿ ಒಂದು ಇಟ್ಟಿಗೆ ಬಿದ್ದಿದೆ ನೋಡು."

ಹೇಗೆ ನಾದಿದೆ ಎಂದು ಕೇಳಿದಳು. ತೋರಿಸಿದೆ. ತಲೆ ಹಿಡಿದುಕೊಂಡಳು.

"ಅಯ್ಯೋ, ಇದು ನಿಮ್ಮ ಮಾಂಸದ ತಟ್ಟೆಗೆ ಹಾಳೆ ಹಾಳೆಯಾಗಿ ಲಟ್ಟಿಸಿ ಹಾಕೋ ಹಿಟ್ಟಲ್ಲ ಕಣೋ!"

ನಮ್ಮಲ್ಲಿ ಹಿಟ್ಟೆಂದರೆ ಅದೇ. ಅಮ್ಮ ಮೊಣಕೈವರೆಗೆ ಬೆವರಿ ನಾದುತ್ತಿದ್ದಳು, ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ. ನಾನು ಕಂಡಿದ್ದೂ ಅದೊಂದೇ.

"ಬೆಣ್ಣೆ ತಣ್ಣಗಿರ್ಬೇಕು. ಬೆರಳ ತುದೀಲಿ ಉದುರುದುರಾಗಿ ಬೆರೆಸು. ಕೂಡ್ಕೊಳ್ತು ಅನ್ನಿಸ್ತಿದ್ದಂಗೆ ಕೈ ತೆಗಿ. ಹಿಡ್ಕೊಂಡಷ್ಟೂ ಕೆಡತ್ತೆ."

ಶುಕ್ರವಾರ ರಾಬಿಗಾ ರಾಜಧಾನಿ ಅಸ್ತಾನಾದ ಆಸ್ಪತ್ರೆಗೆ ಹೊರಡುತ್ತಾಳೆ. ಹೃದಯದ ಕವಾಟ ಬದಲಿಸಬೇಕಂತೆ. ಹೋಗುವ ಮೊದಲು ಬೇರೇನನ್ನೂ ಕೇಳಲಿಲ್ಲ. "ಎರ್ನಾಮ್ಮನ ಟಾರ್ಟ್ ತಿನ್ಬೇಕು ಅನ್ಸತ್ತೆ. ಈ ಸಲ ನೀವೇ ಮಾಡಿ" ಎಂದಳು. ನಲವತ್ತು ವರ್ಷದಲ್ಲಿ ಒಲೆಯ ಹತ್ತಿರ ಬಿಟ್ಟುಕೊಂಡವಳಲ್ಲ. ಯಾಕೆ ಈಗ ಬಿಡುತ್ತಿದ್ದಾಳೆ? ಕೇಳಲು ಧೈರ್ಯ ಬರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಡಾಕ್ಟರ್ ಫೋನು. ಒಳ್ಳೆಯ ಮನುಷ್ಯ, ಎಲ್ಲ ಬಿಡಿಸಿ ಹೇಳಿದ. ಹೇಳದಿದ್ದರೆ ಚೆನ್ನಾಗಿತ್ತು. ಆಪರೇಶನ್ ಹೊತ್ತಿಗೆ ಹೃದಯವನ್ನು ತಣ್ಣಗೆ ಮಾಡಿ ನಿಲ್ಲಿಸುತ್ತಾರಂತೆ. ಅಷ್ಟು ಹೊತ್ತು ಅದರ ಕೆಲಸ ಮೆಷಿನ್ ನಡೆಸುತ್ತದಂತೆ. ಮತ್ತೆ ಶುರುವಾಗದಿದ್ದರೆ... ಬಾಯಿಗೆ ಬಂದದ್ದನ್ನು ನುಂಗಿದೆ. "ಆಯ್ತು ಸರ್" ಎಂದೆ.

ರಾಬಿಗಾ ಕೇಳಿದಳು, "ಏನಂತೆ?"

"ಏನಿಲ್ಲ. ಬೆಚ್ಚಗಿರೋ ಬಟ್ಟೆ ತರ್ಬೇಕಂತೆ."

ಅಡುಗೆಮನೆಗೆ ಹೋದೆ. ಕೈ ಹಿಮದಂತೆ ತಣ್ಣಗಾಗಿತ್ತು. ಹಿಟ್ಟಿಗೆ ಅದೇ ಬೇಕಿತ್ತೇನೋ, ಬೆಣ್ಣೆ ಕರಗಲಿಲ್ಲ, ಎರ್ನಾಮ್ಮ ಹೇಳಿದ ಹಾಗೆ ಉದುರುದುರಾಯಿತು. ಕೂಡಿತು ಎನ್ನುವಷ್ಟರಲ್ಲಿ ಕೈ ತೆಗೆದೆ. ಅವಳ ಮರದ ದೊಡ್ಡ ಸೇಬುಗಳು, ಒಂದಕ್ಕೆ ಎರಡೂ ಕೈ ಬೇಕು. ತೆಳ್ಳಗೆ ಹೆಚ್ಚಿ ಸುತ್ತಲೂ ಜೋಡಿಸಿದೆ. ಸಕ್ಕರೆ, ದಾಲ್ಚಿನ್ನಿ ಪುಡಿ. ಓವನ್ನಿನ ಹಿಂಭಾಗ ಜಾಸ್ತಿ ಕಾಯುತ್ತದೆ, ನಡುವೆ ತಟ್ಟೆ ತಿರುಗಿಸಬೇಕು. ತಿರುಗಿಸಿದೆ.

ಒಂದು ಅಂಚು ಕುಸಿದಿದೆ. ಆದರೆ ಚಾಕು ಇಳಿಯಿತು! ಎಷ್ಟು ಸಲೀಸಾಗಿ ಇಳಿಯಿತೆಂದರೆ ನಾನೊಬ್ಬನೇ ನಿಂತು ನಕ್ಕೆ. ಹೊರಡುವ ದಿನ ಇದನ್ನೇ ಹೊಸದಾಗಿ ಮಾಡಿಕೊಡುತ್ತೇನೆ.

ಸೆಪ್ಟೆಂಬರ್ 26, ಶುಕ್ರವಾರ. ಸಂಜೆ

ಹೋದಳು. ಮಗಳು ಶಿನಾರ್ ಬಂದು ಕರೆದುಕೊಂಡು ಹೋದಳು. ವಾರ್ಡಿನಲ್ಲಿ ಒಬ್ಬರಿಗಷ್ಟೇ ಜಾಗ, ನಾನು ಮನೆಯಲ್ಲೇ.

ನಡೆದದ್ದನ್ನು ಸರಿಯಾಗಿ ಬರೆಯಬೇಕು.

ಬೆಳಗಿನಿಂದ ಟಾರ್ಟಿನ ಗದ್ದಲದಲ್ಲೇ ಇದ್ದೆ. ಟ್ಯಾಕ್ಸಿ ಬಂದು ಹಾರ್ನ್ ಹೊಡೆಯುತ್ತಿತ್ತು. ರಾಬಿಗಾ ಕೋಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ಆಗ ಬಂದಳು ನನ್ನ ಅಕ್ಕ ಜಿಲಿಖಾ. ಬಂದವಳೇ, "ರೊಟ್ಟಿ ಕಚ್ಚಿಸಿದ್ಯೇನೋ?"

ನಮ್ಮ ಹಳೆಯ ಪದ್ಧತಿ ಅದು. ಹೊರಟವರು ರೊಟ್ಟಿ ಕಚ್ಚಿ ಹೋಗಬೇಕು. ಕಚ್ಚಿದ್ದನ್ನು ಗೋಡೆಗೆ ತೂಗಬೇಕು. ಉಳಿದ ಪಾಲು ತಿನ್ನಲು ಅವರು ಮರಳಿ ಬರಲೇಬೇಕು. ಶಿನಾರ್ ಓದಲು ಹೋದಾಗ ಕಚ್ಚಿದ್ದು ವರ್ಷಗಟ್ಟಲೆ ತೂಗಿ ಕಲ್ಲಾಗಿತ್ತು. ಬಂದವಳು ಹಾಲಿನ ಚಹಾದಲ್ಲಿ ಅದ್ದಿ ತಿಂದಳು. ಭಾವ ಗಣಿಗೆ ಹೊರಟ ದಿನ ಅವಸರದಲ್ಲಿ ಕಚ್ಚಿರಲಿಲ್ಲ, ಮರಳಿ ಬರಲೂ ಇಲ್ಲ. ಅಕ್ಕ ಆ ಮಾತು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಡಬ್ಬಿ ತೆಗೆದೆ. ರೊಟ್ಟಿಯಿಲ್ಲ. ಈ ವಾರವೆಲ್ಲ ಮೈದಾ, ಬೆಣ್ಣೆ, ಸೇಬು ಎಂದು ಓಡಾಡಿದವನು ರೊಟ್ಟಿ ತರುವುದನ್ನೇ ಮರೆತಿದ್ದೆ.

"ನಾನು ಓಡಿ ತರ್ತೀನಿ" ಎಂದೆ.

ಶಿನಾರ್, "ಅಪ್ಪಾ, ಟ್ರೈನ್ ತಪ್ಪತ್ತೆ!"

ರಾಬಿಗಾ ನಗುತ್ತಿದ್ದಳು. "ಇದಿದೆಯಲ್ಲ, ಕೊಡಿ ಇತ್ಲಾಗೆ" ಎಂದು ಟಾರ್ಟಿನ ತುಂಡು ಇಸಿದುಕೊಂಡು ಕಚ್ಚಿದಳು. ಕಣ್ಣು ಮುಚ್ಚಿ ಅಗಿದಳು. "ಅಬ್ಬಾ, ಮೆತ್ತಗಿದೆ! ಉಳಿದಿದ್ದು ನಂದು. ಯಾರಿಗೂ ಕೊಡ್ಬೇಡಿ, ಬಂದು ತಿಂತೀನಿ."

ಟ್ಯಾಕ್ಸಿ ತಿರುವು ದಾಟುವವರೆಗೂ ಅಕ್ಕ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಳು.

"ಥೂ, ನಿನ್ನ ಬುದ್ಧಿಗಿಷ್ಟು! ರೊಟ್ಟಿಯಾದ್ರೆ ಒಣಗತ್ತೆ. ಇದು ಕೊಳಿಯತ್ತೆ ಕಣೋ. ನೀರು ಬಿಡೋ ಸೇಬು! ಅವಳ ಪಾಲು ಕೊಳೆತುಹೋದ್ರೆ..." ಪೂರ್ತಿ ಮಾಡಲಿಲ್ಲ, ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಸೆಪ್ಟೆಂಬರ್ 28, ಭಾನುವಾರ

ಫ್ರಿಜ್ಜಿನಲ್ಲಿಟ್ಟಿದ್ದೇನೆ. ಬಿಳಿ ಬಟ್ಟೆ ಹೊದಿಸಿ. ತೆಗೆದು ನೋಡುತ್ತೇನೆ, ಮುಚ್ಚುತ್ತೇನೆ. ಮತ್ತೆ ತೆಗೆಯುತ್ತೇನೆ.

ಬೆಳಿಗ್ಗೆ ಸೇಬಿನ ಮೇಲೆ ಕಂದು ಚುಕ್ಕೆ. ಬೂಷ್ಟು! ನೆಲದ ಮೇಲೇ ಕೂತುಬಿಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರೆ ದಾಲ್ಚಿನ್ನಿ. ನಾನೇ ಉದುರಿಸಿದ್ದು.

ಆದರೂ ತಳ ಒದ್ದೆಯಾಗುತ್ತಿದೆ. ಸುಳ್ಳಲ್ಲ.

ಎರ್ನಾಮ್ಮನಿಗೆ ಹೇಳಿದೆ. "ಫ್ರೀಜರಿಗೆ ಹಾಕು, ಕ್ರಿಸ್ಮಸ್‌ವರೆಗೂ ಏನಾಗಲ್ಲ" ಎಂದಳು. ಹಾಕಲು ಹೋದೆ. ಬಾಗಿಲು ತೆಗೆದಾಗ ತಣ್ಣನೆ ಹೊಗೆ ಮುಖಕ್ಕೆ ಬಂತು. ಡಾಕ್ಟರು ಹೇಳಿದ್ದು ನೆನಪಾಯಿತು. ತಣ್ಣಗೆ ಮಾಡಿ ನಿಲ್ಲಿಸುತ್ತಾರೆ... ಆಗಲಿಲ್ಲ ನನ್ನಿಂದ. ಅಲ್ಲಿ ಅವರು ಅದನ್ನೇ ಮಾಡುವಾಗ ಇಲ್ಲಿ ನಾನೂ ಮಾಡಲೇ?

ಓದಿದವನು, ಕಮ್ಯುನಿಸ್ಟ್ ಪಾರ್ಟಿಯ ಕಾಲದಲ್ಲಿ ಬೆಳೆದವನು, ಇಂಥದ್ದೆಲ್ಲ ಮೂಢನಂಬಿಕೆ ಎಂದು ಡಿಪೋದಲ್ಲಿ ಭಾಷಣ ಮಾಡಿದವನು. ಈಗ ಒಂದು ತುಂಡು ಟಾರ್ಟ್ ಮುಂದೆ ಕೈಕಟ್ಟಿ ನಿಂತಿದ್ದೇನೆ. ನಗು ಬರಬೇಕಿತ್ತು. ಭಯವೇ ಬರುತ್ತದೆ.

ಅಕ್ಕನ ಫೋನು. "ಹೆಂಗಿದೆ?"

"ರಾಬಿಗಾನಾ? ನಾಡಿದ್ದು ಕಳೆದು ಬುಧವಾರ ಆಪರೇಶನ್..."

"ಅವಳ ಜೊತೆ ಈಗ್ತಾನೇ ಮಾತಾಡ್ದೆ. ನಾನ್ ಕೇಳ್ತಿರೋದು ಅದು!"

ಸೆಪ್ಟೆಂಬರ್ 30, ಮಂಗಳವಾರ

ಎರ್ನಾಮ್ಮನೇ ದಾರಿ ತೋರಿಸಿದಳು. ಅವಳ ಅಂಗಳದಲ್ಲಿ ಸೇಬಿನ ಹೋಳು ದಾರಕ್ಕೆ ಪೋಣಿಸಿ ಒಣಹಾಕಿದೆ. ಎಲ್ಲರ ಮನೆಯಲ್ಲೂ ಹಾಕುತ್ತಾರೆ. ದಿನವೂ ಕಂಡರೂ ನನ್ನ ತಲೆಗೆ ಹೊಳೆದಿರಲಿಲ್ಲ.

"ಸೇಬು ಒಣಗಲ್ವೇನೋ? ರಸ್ಕ್ ಒಣಗಲ್ವಾ? ಇದೂ ಒಣಗತ್ತೆ. ಸಣ್ಣ ಉರಿ, ಓವನ್ ಬಾಗಿಲಿಗೆ ಒಂದು ಸೌಟು ಸಿಕ್ಕಿಸಿ ಸಂದು ಬಿಡು. ಅರ್ಜೆಂಟ್ ಮಾಡ್ಬೇಡ."

"ಸುಟ್ಟುಹೋದ್ರೆ?"

"ಅದರ ಜೊತೆ ಇನ್ನೊಂದು ತುಂಡು ಇಡು. ಅದನ್ನ ಒತ್ತಿ ನೋಡು, ಒಣಗಿದೆಯೋ ಇಲ್ವೋ ಗೊತ್ತಾಗತ್ತೆ. ಅವಳದ್ದು ಮುಟ್ಟೋದೇ ಬೇಡ."

ಬುದ್ಧಿವಂತೆ. ಇನ್ನೊಂದು ಟಾರ್ಟ್ ಮಾಡಿದೆ. ಕೈ ತಾನಾಗಿ ಮಾಡಿತು, ಅಂಚೂ ಕುಸಿಯಲಿಲ್ಲ. ಅಷ್ಟೇ ಅಳತೆಯ ತುಂಡು ಕತ್ತರಿಸಿದೆ. ಕಚ್ಚಿದ ಜಾಗದಲ್ಲಿ ಬೇಗ ಒಣಗುತ್ತದೆ, ಹಾಗಾಗಿ ಇದನ್ನೂ ಅದೇ ಮೂಲೆಯಲ್ಲಿ ಕಚ್ಚಿದೆ. ಸರಿಯಾದ ಲೆಕ್ಕವೇ ತಾನೆ.

ಆಗಲೇ ಅಕ್ಕ ಒಳಗೆ ಬರಬೇಕೆ! ಬಾಗಿಲಲ್ಲೇ ನಿಂತಳು.

"ನೀನ್ಯಾಕೋ ಕಚ್ಚಿದೆ? ನೀನೆಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ ಅಕ್ಕ. ಇದು ಬರೀ ಟೆಸ್ಟಿಂಗು."

"ಟೆಸ್ಟಿಂಗಂತೆ! ಕಚ್ಚಿ ಇಟ್ಟೋರು ಹೋಗ್ಲೇಬೇಕು, ಗೊತ್ತಾ ನಿಂಗೆ?"

ಕೂತು ಉಳಿದ ಟಾರ್ಟ್ ತಿಂದಳು. ಚೆನ್ನಾಗಿದೆ ಎನ್ನಲಿಲ್ಲ. ಎರಡನೇ ತುಂಡು ಹಾಕಿಸಿಕೊಂಡಳು.

ಅಕ್ಟೋಬರ್ 1, ಬುಧವಾರ

ಬೆಳಿಗ್ಗೆ ಎರಡೂ ತುಂಡು ತಟ್ಟೆಯಲ್ಲಿಟ್ಟು ಓವನ್ನಿಗೆ. ಎಡಗಡೆ ಅವಳದು. ಬಲಗಡೆ ನನ್ನದು. ಸ್ಟೂಲ್ ಹಾಕಿಕೊಂಡು ಮುಂದೆ ಕೂತೆ. ಹಿಂಭಾಗ ಜಾಸ್ತಿ ಕಾಯುತ್ತದೆಂದು ತಟ್ಟೆ ತಿರುಗಿಸಿದೆ.

ಶಿನಾರ್ ಫೋನು. "ಅಪ್ಪಾ, ಒಳಗೆ ಕರ್ಕೊಂಡು ಹೋದ್ರು. ಅಮ್ಮ ಕೈಬೀಸಿದ್ಲು."

ಆಮೇಲೆ ಏನು ಮಾಡಿದೆ? ಅಂಗಳಕ್ಕೆ ಹೋದೆ. ಒಳಗೆ ಬಂದೆ. ಬೆಟ್ಟದ ಕಡೆ ನೋಡುತ್ತಾ ನಿಂತೆ. ಮತ್ತೆ ತಟ್ಟೆ ತಿರುಗಿಸಿದೆನೇ? ತಿರುಗಿಸಬೇಕು ಎಂದುಕೊಂಡದ್ದು ನೆನಪಿದೆ. ತಿರುಗಿಸಿದ್ದು ನೆನಪಿಲ್ಲ.

ಸಂಜೆ ತೆಗೆದಾಗ ಎರಡೂ ಒಣಗಿದ್ದವು. ಬೂಷ್ಟು ಹಿಡಿಯುವ ಮಾತೇ ಇಲ್ಲ, ರಸ್ಕಿನಂತೆ ಗಟ್ಟಿ. ಒಂದು ಕ್ಷಣ ಕುಣಿಯುವಷ್ಟು ಖುಷಿ. ಮರುಕ್ಷಣ ಹೊಳೆಯಿತು.

ಯಾವುದು ಅವಳದು?

ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಮುದುಡಿವೆ, ಎರಡೂ ಒಂದೇ ಬಣ್ಣ. ಕಚ್ಚಿದ ಜಾಗವೂ ಒಂದೇ, ಅಳತೆ ನೋಡಿ ಕಚ್ಚಿದವನು ನಾನೇ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಎದುರುಬದುರು ಕೂತು ತಿಂದಿದ್ದೇವೆ. ಅವಳ ಹಲ್ಲಿನ ಗುರುತು ನನಗೆ ತಿಳಿಯಲಿಲ್ಲ. ಇದನ್ನೂ ಬರೆದುಬಿಡುತ್ತೇನೆ, ಯಾರು ಓದುತ್ತಾರೆ. ಅಳು ಬಂತು, ಅತ್ತೆ.

ನನ್ನದನ್ನು ಗೋಡೆಗೆ ತೂಗಿ ಅವಳದನ್ನು ಬಿಸಾಡಿದರೆ?

ಎರಡನ್ನೂ ಬಿಳಿ ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿ ಒಂದೇ ಮೊಳೆಗೆ ತೂಗಿದೆ.

ಶಿನಾರ್ ಮತ್ತೆ ಫೋನು ಮಾಡಿದಳು. ಹೃದಯ ಶುರುವಾಗಿದೆಯಂತೆ. ಇನ್ನೂ ಎಚ್ಚರವಿಲ್ಲ.

ಅಕ್ಟೋಬರ್ 2

ಎಚ್ಚರವಿಲ್ಲ.

ಅಕ್ಟೋಬರ್ 4, ಶನಿವಾರ. ಬೆಳಿಗ್ಗೆ

ಶಿನಾರ್ ಬೆಳಗಾಗುತ್ತಲೇ ಫೋನು ಮಾಡಿದಳು. ಧ್ವನಿ ಕೇಳಿಯೇ ಕುರ್ಚಿ ಹಿಡಿದುಕೊಂಡೆ.

"ಅಮ್ಮ ಕಣ್ಣು ಬಿಟ್ಲು ಅಪ್ಪಾ. ಮೊದ್ಲು ಕೇಳಿದ್ದೇನ್ ಗೊತ್ತಾ? 'ನಿಮ್ಮಪ್ಪ ನನ್ನ ಪಾಲು ಬಿಸಾಕಿಲ್ಲ ತಾನೆ?' ಅಂತ."

"ಇಲ್ಲ ಅನ್ನು. ಒಣಗ್ಸಿದೀನಿ ಅನ್ನು!"

ಧ್ವನಿ ತಗ್ಗಿಸಿದಳು, "ಅಪ್ಪಾ... ಜ್ವರ ಏರ್ತಿದೆ. ಡಾಕ್ಟ್ರು ಏನೂ ಹೇಳ್ತಿಲ್ಲ. ನೀನೇ ಬಂದು ಹೇಳು. ಇವತ್ತೇ ಹೊರಡು."

ಇವತ್ತೇ ಯಾಕೆ ಎಂದು ಕೇಳಲಿಲ್ಲ.

ಬ್ಯಾಗು ತುಂಬಿದೆ. ಹೊಸ ಟಾರ್ಟೊಂದು ಮಾಡಿದೆ. ತಿನ್ನಲು ಬಿಡುತ್ತಾರೋ ಇಲ್ಲವೋ, ವಾಸನೆಯಾದರೂ ನೋಡಲಿ. ಓವನ್ ಹಚ್ಚುವಾಗ ಹೆದರಲಿಲ್ಲ. ಹೆದರಲು ಬೇರೆ ಇದೆ.

ಎರ್ನಾಮ್ಮ ಬೀಗದ ಕೈ ತೆಗೆದುಕೊಂಡು, "ನಿನ್ನ ಟಾರ್ಟ್ ನನ್ನದಕ್ಕಿಂತ ಚೆನ್ನಾಗಾಗಿದೆ ಅಂತ ಅವಳ ಹತ್ರ ಹೇಳ್ಬೇಡ, ಮರ್ಯಾದೆ ಪ್ರಶ್ನೆ" ಎಂದಳು. ಕಣ್ಣು ಒರೆಸಿಕೊಂಡಳು.

ಅಕ್ಕ ಶಾಲಿನೊಳಗೆ ಬಿಸಿ ರೊಟ್ಟಿ ಬಚ್ಚಿಟ್ಟುಕೊಂಡು ಓಡಿಬಂದಳು. ಏದುಸಿರು. "ಹಿಡಿ, ಈ ಸಲನಾದ್ರೂ ಸರಿಯಾಗಿ ಕಚ್ಚಿ ಹೋಗು."

"ನಾನು ಆಗ್ಲೇ ಕಚ್ಚಿದೀನಲ್ಲ ಅಕ್ಕ" ಎಂದು ಗೋಡೆ ತೋರಿಸಿದೆ.

ನೋಡಿದಳು. ಒಂದೇ ಮೊಳೆ, ಎರಡು ಗಂಟು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹತ್ತಿರ ಹೋಗಿ ಎರಡನ್ನೂ ಮೆಲ್ಲಗೆ ಮುಟ್ಟಿದಳು.

"ಇದರಲ್ಲಿ ರಾಬಿಗಾದ್ ಯಾವ್ದು?"

"ಗೊತ್ತಿಲ್ಲ ಅಕ್ಕ. ಬೆರೆತುಹೋಗಿವೆ."

ರೊಟ್ಟಿಯನ್ನು ಮತ್ತೆ ಶಾಲಿನಲ್ಲಿ ಸುತ್ತಿದಳು. "ಹಂಗಾದ್ರೆ ಇಬ್ರೂ ಬರ್ಬೇಕು" ಎಂದಳು. "ಒಬ್ರೇ ಬಂದ್ರೆ ಯಾವ್ದು ತಿಂತೀರಾ? ಇಬ್ರೂ ಬರ್ಬೇಕು."

ಟ್ಯಾಕ್ಸಿ ಬಂತು, ಹಾರ್ನ್. ಗ್ಯಾಸ್ ಆರಿಸಿದ್ದೇನೆ. ಮತ್ತೊಮ್ಮೆ ನೋಡಿದೆ, ಆರಿದೆ. ಈ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ, ಬಂದು ಬರೆಯುತ್ತೇನೆ. ಬಂದ ದಿನ ಹಾಲಿನ ಚಹಾ ಮಾಡಿ, ಎರಡನ್ನೂ ಬಿಚ್ಚಿ ಅವಳ ಮುಂದಿಡಬೇಕು, ಅವಳೇ ಆರಿಸಿಕೊಳ್ಳಲಿ, ನಾನು... ಮತ್ತೆ ಹಾರ್ನ್.