ಬಚ್ಚಮ್ಮಜ್ಜಿಯ ಮರಿಗಳು

ಲಗ್ಗೆರೆ, ೧೮ ಡಿಸೆಂಬರ್ ೧೯೮೩, ಭಾನುವಾರ

ಮರಿಗಳು ಚಳಿಗೆ ಸಾಯಲಿಲ್ಲ. ಅವ್ವ ಏನೇ ಹೇಳಲಿ.

ಪಕ್ಕದ ಮನೆಯ ಬಚ್ಚಮ್ಮಜ್ಜಿ ಮಗಳ ಬಾಣಂತನಕ್ಕೆ ಹೋಗುವಾಗ ಕೋಳಿಯನ್ನೂ ಅದರ ಎಂಟು ಮರಿಗಳನ್ನೂ ನನಗೆ ಒಪ್ಪಿಸಿದ್ದರು. ನಾನು ಸ್ಕೂಲು ಬಿಟ್ಟು ಲೇತ್ ಶಾಪಿನ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ನಂಬಿ ಏನಾದರೂ ಕೊಟ್ಟವರು ಅವರೊಬ್ಬರೇ. ನಿನ್ನೆ ವಿಪರೀತ ಚಳಿ. ಅಂಗಳದಲ್ಲಿ ಕೋಳಿ ಮುಚ್ಚಿಡುವ ಮಂಕರಿಯ ಕೆಳಗೆ ಬೆಚ್ಚಗಿರಲಿ ಎಂದು, ಲೇತ್ ಶಾಪಿನಲ್ಲಿ ಮೆಷಿನ್ ಒರೆಸುವ ನೂಲಿನ ವೇಸ್ಟು ತಂದು ಹಾಸಿದೆ. ಬೆಳಿಗ್ಗೆ ನೋಡಿದರೆ ಐದು ಮರಿಗಳ ಕಾಲಿಗೆ, ಕತ್ತಿಗೆ ನೂಲು ಸುತ್ತಿಕೊಂಡಿತ್ತು. ತಾಯಿಯ ರೆಕ್ಕೆ ಒಂದು ಗೇಣು ದೂರದಲ್ಲಿತ್ತು. ಅಷ್ಟು ದೂರ ಹೋಗಲೂ ಅವಕ್ಕೆ ಆಗಿರಲಿಲ್ಲ.

“ಚಳಿಗೆ ಸತ್ತೋದ್ವು ಅನ್ನು ಕಣೋ. ಆಯಮ್ಮ ನಂಬ್ತದೆ,” ಎಂದಳು ಅವ್ವ.

ಸಂಜೆ ಅಜ್ಜಿ ಮಗಳ ಮನೆಯಿಂದ ವಾಪಸು ಬಂದರು. “ನಾನೇ ಸಾಯಿಸ್ದೆ ಅಜ್ಜಿ. ಆ ನೂಲು ಹಾಸಿದ್ದು ನಾನೇ,” ಎಂದೆ.

ಬಯ್ಯಲಿಲ್ಲ. ಉಳಿದ ಮೂರನ್ನು ಮಡಿಲಿಗೆ ಹಾಕಿಕೊಂಡರು. “ಆಯ್ತು ಬುಡಪ್ಪ. ಇನ್ ನಾನೇ ನೋಡ್ಕೊತೀನಿ,” ಎಂದು ಕೋಳಿಯನ್ನೂ ಎತ್ತಿಕೊಂಡು ಹೋದರು.

ಸತ್ತವನ್ನು ನುಗ್ಗೆ ಮರದ ಬುಡದಲ್ಲಿ ಹೂಳಿದೆ. ಹೂಳುವ ಮೊದಲು ಒಂದೊಂದರ ಕಾಲಿನ ನೂಲನ್ನೂ ಕತ್ತರಿಸಿ ಬಿಡಿಸಿದೆ. ಬ್ಲೇಡು ತಾಗಿ ನೋವಾಗದಿರಲಿ ಎಂದು ಉಸಿರು ಬಿಗಿಹಿಡಿದಿದ್ದೆ.