ಒಪ್ಪೊತ್ತಿನ ದಿನ ಮೂರು ಹೊತ್ತಿನ ಮಾತ್ರೆ

ಮಾನ್ಯರೇ, ತಪ್ಪು ತಿಳೀಬೇಡಿ, ಮತ್ತೆ ಮೊದಲಿಂದ ಹೇಳ್ತೀನಿ. ಆಗಲೇ ಅರ್ಧ ಹೇಳಿದ್ದು ಬೆರಳು ತಾಗಿ ಅಳಿಸಿಹೋಯ್ತು. ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳಾದ ತಮ್ಮ ನಂಬರಿಗೇ ವಾಯ್ಸ್ ನೋಟ್ ಕಳಿಸಿದ್ದೆ. ತಾವು ಅದನ್ನ ಕೇಳಿಸ್ಕೊಂಡಿರೋ ನೀಲಿ ಗುರುತು ಬರಲಿಲ್ಲ. ಅದಕ್ಕೇ ಈಗ ಕೊಳ್ಳೇಗಾಲದ ವಾಟ್ಸಾಪ್ ಗ್ರೂಪಿಗೆ ಹಾಕ್ತಿದ್ದೀನಿ, ಊರೆಲ್ಲ ಕೇಳಲಿ. ನನ್ನ ದೂರು ಇಷ್ಟೇ: ತಮ್ಮ ಆಸ್ಪತ್ರೆಯವರು ಹೇಳಿದ್ದನ್ನ ನಮ್ಮಪ್ಪ ಚಾಚೂ ತಪ್ಪದೆ ಪಾಲಿಸ್ತಿದ್ದಾರೆ. ಅದರಿಂದಲೇ ಅವರ ಜೀವಕ್ಕೆ ಕುತ್ತು ಬಂದಿದೆ.

ಅಪ್ಪ ಸುಬ್ಬಯ್ಯ, ರೇಷ್ಮೆ ಸೀರೆ ನೇಯ್ದೋರು. ಹೋದ ವರ್ಷ ಮಗ್ಗದಲ್ಲಿ ಕೂತಿದ್ದಾಗಲೇ ಹಾರ್ಟ್ ಅಟ್ಯಾಕ್ ಆಯ್ತು. ದೊಡ್ಡಾಸ್ಪತ್ರೆಯಲ್ಲಿ ಉಳಿಸಿದರು, ಅದಕ್ಕೆ ಕೈ ಮುಗೀತೀನಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಮಾತ್ರೆ ಬರೆದು, ಎಲ್ಲಾನೂ ಊಟ ಆದಮೇಲೆ ಅಂದರು. ಬದುಕಿ ಬಂದದ್ದಕ್ಕೆ ಅಪ್ಪ ಮಾದಪ್ಪನಿಗೆ ಹರಕೆ ಹೊತ್ತರು: ಸೋಮವಾರ, ಶುಕ್ರವಾರ, ಅಮಾವಾಸ್ಯೆ ಒಪ್ಪೊತ್ತು. ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಊಟ ಒಂದೇ ಆದಾಗ ಮಾತ್ರೆ ಯಾವಾಗ? ಮೂರು ಹೊತ್ತಿನದೂ ಒಟ್ಟಿಗೆ. ಬಿಪಿ ಇಳಿಸೋ ಮಾತ್ರೆಗಳೂ ಅದರೊಳಗಿವೆ ಸ್ವಾಮಿ. ಹೋದ ಸೋಮವಾರ ಉಂಡು, ನುಂಗಿ, ಎದ್ದೋರು ಬಚ್ಚಲಲ್ಲಿ ಕುಸಿದರು.

"ಬೆಳಿಗ್ಗೆ ಒಂದು ಲೋಟ ಹಾಲು ಕುಡ್ದು ನುಂಗಪ್ಪ" ಅಂದೆ.

"ಆಲು ಊಟವೇನ್ಲಾ? ಊಟ ಅಂದ್ರೆ ಒಪ್ಪೊತ್ತು ಕೆಡ್ತದೆ. ಊಟ ಅಲ್ಲ ಅಂದ್ರೆ ಮಾತ್ರೆ ನುಂಗಂಗಿಲ್ಲ. ಡಾಕ್ಟ್ರು ನೀನಾ, ಅವ್ರಾ?"

ಹಾಗಾದರೆ ಅವರೇ ಹೇಳಲಿ ಅಂತ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರು ಮುಖ ಎತ್ತದೆ ಕೇಳಿದರು: "ಮಾತ್ರೆ ಬಿಟ್ಟಿಲ್ಲ ತಾನೆ?"

"ಒಂದ್ನೂ ಬುಟ್ಟಿಲ್ಲ ಸಾ."

"ವೆರಿ ಗುಡ್ ಅಜ್ಜ."

ನಾನು ಬಾಯಿ ತೆಗೆಯೋಷ್ಟರಲ್ಲಿ ಮುಂದಿನವರನ್ನ ಕೂಗಿದರು. ಬಸ್ಸಲ್ಲಿ ದಾರಿಯುದ್ದಕ್ಕೂ ಅಪ್ಪಂದು ಒಂದೇ ಮಾತು: "ಕೇಳುಸ್ಕಂಡಾ? ಗುಡ್ ಅಂದ್ರು ಕಣ್ಲಾ."

ಇಲ್ಲಿ ನಮ್ಮೂರ ಡಾಕ್ಟರನ್ನ ಕೇಳಿದರೆ, "ದೊಡ್ಡಾಸ್ಪತ್ರೆಯವರು ಬರೆದದ್ದನ್ನ ನಾನು ತಿದ್ದೋಕಾಗಲ್ಲ" ಅಂದರು. ಹಾಗಾದರೆ ತಿದ್ದೋರು ಯಾರು, ಮಾದಪ್ಪನಾ? ಅವನೇ ಬೆಟ್ಟ ಇಳಿದು ಬಂದು ಹೇಳಿದರೂ ಅಪ್ಪ ಕೇಳಲ್ಲ, ಡಾಕ್ಟರ ಬಾಯಿಂದಲೇ ಬರಬೇಕು. ಇಷ್ಟು ದೊಡ್ಡ ಇಲಾಖೆಯಲ್ಲಿ, ಅಜ್ಜ ನೀನು ಯಾವಾಗ ಉಣ್ತೀಯ ಅಂತ ಕೇಳೋಕೆ ಒಂದು ಬಾಯಿ ಇಲ್ವಾ? ಹನೂರು, ಯಳಂದೂರು ಕಡೆ ಸೋಮವಾರ ಒಪ್ಪೊತ್ತು ಇರೋ ಮುದುಕರು ನಮ್ಮಪ್ಪ ಒಬ್ಬರೇನಾ?

ನಾನು ಬೇಡೋದು ಹೆಚ್ಚೇನಿಲ್ಲ. ಒಪ್ಪೊತ್ತಿನ ದಿನ ಯಾವ ಮಾತ್ರೆ ಯಾವಾಗ ಅಂತ ಯಾರಾದರೂ ಡಾಕ್ಟರು, ಫೋನಲ್ಲಾದರೂ ಸರಿ, ಅಪ್ಪನಿಗೇ ಹೇಳಲಿ. ಇವತ್ತೂ ಸೋಮವಾರ. ಇಂತಿ ತಮ್ಮ...

ಒಂದ್ನಿಮಿಷ, ಅವ್ವ ಕೂಗ್ತಿದ್ದಾಳೆ.

"ಚೌಡೇಶ, ನಿಮ್ಮಪ್ಪಂದು ಊಟ ಆಯ್ತು ಕಣೋ. ಮೂರೊತ್ತುಂದೂ ಅಂಗೈಗೆ ಸುರ್ಕಂಡವ್ರೆ. ನೀನಾರ ಬಂದು ಯೋಳು."

ಏನಂತ ಹೇಳಲಿ ಸ್ವಾಮಿ? ಬಂದೆ ಅವ್ವ. ಇಂತಿ, ಡಾಕ್ಟರಲ್ಲದ ಮಗ, ಚೌಡೇಶ್. ಇಡ್ತೀನಿ.